‘ಕ್ರೀಡ್: ರೈಸ್ ಟು ಗ್ಲೋರಿ’: ಮೊದಲ ಸಲ ರಿಂಗಿಗೆ ಇಳಿಯುವವರಿಗೆ

ಸಿನಿಮಾದ ಬಾಕ್ಸರ್ ರಾಕಿ ಬಾಲ್ಬೋವಾ ತೆರೆಗೆ ಬಂದದ್ದು 1976ರಲ್ಲಿ. ಆಮೇಲೆ ಅವನ ಹೆಸರು ಹೊತ್ತ ವಿಡಿಯೊ ಗೇಮ್‌ಗಳು ಒಂದರ ಹಿಂದೊಂದು ಬಂದವು. 1983ರಲ್ಲಿ ಕೊಲೆಕೊವಿಷನ್‌ಗೆ, 1987ರಲ್ಲಿ ಸೇಗಾ ಮಾಸ್ಟರ್ ಸಿಸ್ಟಮ್‌ಗೆ, 2002ರಲ್ಲಿ ಪ್ಲೇಸ್ಟೇಷನ್ 2 ಮತ್ತು ಎಕ್ಸ್‌ಬಾಕ್ಸ್‌ಗೆ, 2004ರಲ್ಲಿ ‘ರಾಕಿ ಲೆಜೆಂಡ್ಸ್’. ಅವೆಲ್ಲ ಹೆಬ್ಬೆರಳಿನ ಆಟಗಳು. ಸೋಫಾದ ಮೇಲೆ ಒರಗಿ ಗುಂಡಿ ಒತ್ತಿದರೆ ಪರದೆಯ ಮೇಲಿನವನು ಗುದ್ದುತ್ತಿದ್ದ. 2018ರ ಸೆಪ್ಟೆಂಬರ್‌ನಲ್ಲಿ ಸರ್ವಿಯೋಸ್ ಎಂಬ ಅಮೆರಿಕದ ಕಂಪನಿ ಹೊರತಂದ ‘ಕ್ರೀಡ್: ರೈಸ್ ಟು ಗ್ಲೋರಿ’ ಹಾಗಲ್ಲ. ತಲೆಗೆ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು, ನಿಂತುಕೊಂಡು, ನಿಜವಾಗಿ ಗುದ್ದಬೇಕು. ರಾಕಿಯ ಹಳೆಯ ಎದುರಾಳಿ ಅಪೋಲೊ ಕ್ರೀಡ್‌ನ ಮಗ ಅಡೋನಿಸ್ ನೀವು. ನಿಮಗೆ ಹೇಳಿಕೊಡುವವನು ಮುದುಕನಾದ ರಾಕಿ. 2023ರಲ್ಲಿ ಮೂರನೆಯ ಕ್ರೀಡ್ ಸಿನಿಮಾ ಬಂದ ವರ್ಷವೇ ಇದರ ‘ಚಾಂಪಿಯನ್‌ಶಿಪ್ ಎಡಿಷನ್’ ಕೂಡ ಬಂತು. ಮೆಟಾ ಕ್ವೆಸ್ಟ್, ಪ್ಲೇಸ್ಟೇಷನ್ ವಿ.ಆರ್. 2, ಪಿ.ಸಿ.ಗೆ ಜೋಡಿಸುವ ಹೆಡ್‌ಸೆಟ್‌ಗಳಲ್ಲಿ ಆಡಬಹುದು.

ಹೆಡ್‌ಸೆಟ್ ಇಲ್ಲದವರಿಗೆ ಅದೇ ಕಂಪನಿಯ ‘ಬಿಗ್ ರಂಬಲ್ ಬಾಕ್ಸಿಂಗ್: ಕ್ರೀಡ್ ಚಾಂಪಿಯನ್ಸ್’ (2021) ಇದೆ. ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಪಿ.ಸಿ. ಎಲ್ಲದರಲ್ಲೂ ಓಡುತ್ತದೆ, ಮನೆಗೆ ನೆಂಟರ ಮಕ್ಕಳು ಬಂದಾಗ ಇಬ್ಬಿಬ್ಬರನ್ನು ಕೂರಿಸಿ ಆಡಿಸಲು ಚೆನ್ನಾಗಿದೆ. ಆದರೆ ಅದಕ್ಕೆ ಮಾರ್ಗದರ್ಶಿ ಬೇಕಿಲ್ಲ; ಗುಂಡಿಗಳನ್ನು ಒತ್ತುತ್ತಾ ಹೋದರೆ ತಾನಾಗಿ ತಿಳಿಯುತ್ತದೆ. ವಿ.ಆರ್. ಆಟದ ವಿಷಯ ಬೇರೆ. ಅಲ್ಲಿ ಏಟು ತಿನ್ನುವುದು ಬರೀ ಪರದೆಯ ಮೇಲಿನ ಬಾಕ್ಸರ್ ಅಲ್ಲ. ನಿಮ್ಮ ಭುಜ, ಮೊಣಕೈ, ಕೆಲವೊಮ್ಮೆ ಮನೆಯ ಶೋಕೇಸ್ ಕೂಡ.

ಮೊದಲು ಕೋಣೆ

ಕ್ವೆಸ್ಟ್ ಹೆಡ್‌ಸೆಟ್‌ನಲ್ಲಿ ಓಡಾಡಿ ಆಡುವ ಆಟಗಳಿಗೆ ಕಡಿಮೆಯೆಂದರೂ 2 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆಂದು ಹೇಳುತ್ತಾರೆ. ಬಾಕ್ಸಿಂಗ್‌ಗೆ ಅಷ್ಟು ಸಾಲದು. ಹೆಡ್‌ಸೆಟ್ ಹಾಕಿಕೊಂಡು ಕಂಟ್ರೋಲರ್‌ನಿಂದ ನಾವು ನೆಲದ ಮೇಲೆ ಎಳೆಯುವ ಗಡಿ ಕಾಲಿಗೆ ಸಂಬಂಧಿಸಿದ್ದು, ಕೈ ಅದನ್ನು ದಾಟಿ ಹೋಗುತ್ತದೆ. ಗೋಡೆಯ ಹತ್ತಿರದವರೆಗೂ ಗಡಿ ಎಳೆದುಬಿಟ್ಟರೆ ಎಚ್ಚರಿಕೆಯ ಗೆರೆ ಕಣ್ಣಿಗೆ ಬೀಳುವಷ್ಟರಲ್ಲಿ ಕಂಟ್ರೋಲರ್ ಗೋಡೆಗೆ ಬಡಿದಿರುತ್ತದೆ. ಆದ್ದರಿಂದ ಗೋಡೆ, ಟೀಪಾಯಿ, ಟಿ.ವಿ. ಇರುವ ಕಡೆಯಿಂದ ಒಂದು ತೋಳಿನಷ್ಟು ಒಳಗೆ ಗಡಿ ಹಾಕಿ. ನಡುಮಧ್ಯೆ ನಿಂತು, ಒಂದು ಕಾಲು ಮುಂದಿಟ್ಟು, ಕೈ ಪೂರ್ತಿ ಚಾಚಿ ನಿಧಾನವಾಗಿ ಒಂದು ಸುತ್ತು ತಿರುಗಿ ನೋಡಿ. ಏನೂ ತಗಲದಿದ್ದರೆ ಆ ಜಾಗ ಸರಿ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಗಂಡಾಂತರ ಸೀಲಿಂಗ್ ಫ್ಯಾನ್.  ಗುದ್ದುವಾಗ ಕೈ ಅಷ್ಟು ಮೇಲೆ ಹೋಗುವುದಿಲ್ಲ ಎಂದು ಧೈರ್ಯ ಮಾಡಬೇಡಿ, ಅಪಾಯ ಇರುವುದು ಗೆದ್ದ ಮೇಲೆ. ಎದುರಾಳಿ ನೆಲಕ್ಕೆ ಬಿದ್ದು ಹತ್ತರವರೆಗಿನ ಎಣಿಕೆ ಮುಗಿಯುತ್ತಿದ್ದಂತೆ ಯಾರೇ ಆಗಲಿ ಫಿಲಡೆಲ್ಫಿಯಾದ ಮೆಟ್ಟಿಲ ಮೇಲೆ ರಾಕಿ ನಿಂತ ಹಾಗೆ ಎರಡೂ ಕೈ ಮೇಲೆತ್ತುತ್ತಾರೆ. ಐದೂಮುಕ್ಕಾಲು ಅಡಿಯವರ ಬೆರಳತುದಿ ಆಗ ಏಳು ಅಡಿ ದಾಟಿರುತ್ತದೆ. ಬಾಡಿಗೆ ಮನೆಯ ಕೆಳಗಿಳಿದ ಫ್ಯಾನಿಗೂ ಅದಕ್ಕೂ ನಡುವೆ ಉಳಿಯುವುದು ಗೇಣು ಜಾಗ. ಫ್ಯಾನ್ ಆರಿಸಿಯೇ ಶುರುಮಾಡಿ. ವಿದೇಶದಲ್ಲಿ ಮನೆಯ ಬೇಸ್‌ಮೆಂಟ್‌ನಲ್ಲಿ ಆಡುವವರು ಫ್ಯಾನಿನ ಬದಲು ತಗ್ಗು ಚಾವಣಿಯನ್ನೂ ನೇತಾಡುವ ದೀಪವನ್ನೂ ನೋಡಿಕೊಳ್ಳಲಿ.

ಫ್ಯಾನ್ ಇಲ್ಲದೆ ಎರಡು ನಿಮಿಷವೂ ನಿಲ್ಲಲಾಗದು, ನಿಜ. ಟೇಬಲ್ ಫ್ಯಾನೋ ಪೆಡೆಸ್ಟಲ್ ಫ್ಯಾನೋ ಇದ್ದರೆ ಗಡಿಯ ಹೊರಗೆ, ನಿಮ್ಮ ಎದುರಿಗೆ ಇಡಿ. ಅದು ಬೆವರಿಗಷ್ಟೇ ಅಲ್ಲ, ದಿಕ್ಕಿಗೂ ಸಹಾಯ. ಕಣ್ಣಿಗೆ ರಿಂಗ್ ಮಾತ್ರ ಕಾಣುತ್ತಿರುವಾಗ ಕೋಣೆಯಲ್ಲಿ ಯಾವ ಕಡೆ ಮುಖಮಾಡಿದ್ದೀರಿ ಎಂಬುದು ಮರೆತುಹೋಗುತ್ತದೆ. ಗಾಳಿ ಮೂಗಿಗೆ ಬಡಿಯುತ್ತಿದ್ದರೆ ಮುಂದೆ ನೋಡುತ್ತಿದ್ದೀರಿ, ಕಿವಿಗೆ ಬಡಿಯುತ್ತಿದ್ದರೆ ಪಕ್ಕಕ್ಕೆ ತಿರುಗಿದ್ದೀರಿ. ತಲೆ ಸುತ್ತುವವರಿಗೂ ಮುಖದ ಮೇಲಿನ ಗಾಳಿ ಹಿತ.

ಕಾಲಡಿಗೆ ಒಂದು ಯೋಗ ಮ್ಯಾಟ್ ಹಾಸಿ. ಮ್ಯಾಟಿನ ಅಂಚು ಪಾದಕ್ಕೆ ತಾಗಿದರೆ ನಡುವಿನಿಂದ ಸರಿದಿದ್ದೀರಿ ಎಂದು ನೋಡದೆಯೇ ತಿಳಿಯುತ್ತದೆ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಆಡುವುದು ಬೇಡವೇ ಬೇಡ. ಬರಿಗಾಲು ಇಲ್ಲವೇ ಶೂ. ಬೆವರ ಹನಿ ಬಿದ್ದ ಟೈಲ್ಸ್ ಸಾಕ್ಸಿಗಿಂತಲೂ ಜಾರುತ್ತದೆ, ಆದ್ದರಿಂದ ಮ್ಯಾಟ್ ಸ್ವಲ್ಪ ದೊಡ್ಡದೇ ಇರಲಿ. ಮಹಡಿ ಮನೆಯಾದರೆ ಕೆಳಗಿನವರ ನೆನಪೂ ಇರಲಿ. ಕೋಣೆಯ ಬಾಗಿಲು ಹಾಕಿ ಚಿಲಕ ಇಟ್ಟುಕೊಳ್ಳಿ, ಏಕೆಂದರೆ ಮೂರು ವರ್ಷದ ಮಗು ಬಂದು ನಿಮ್ಮ ಎದುರು ನಿಂತರೆ ಹೆಡ್‌ಸೆಟ್ ನಿಮಗೆ ತೋರಿಸುವುದು ಎದುರಾಳಿಯನ್ನು.

ಹೆಡ್‌ಸೆಟ್ ಕಟ್ಟಿಕೊಳ್ಳುವುದು

ಪಟ್ಟಿಯನ್ನು ತಲೆಯ ಹಿಂಭಾಗದ ಉಬ್ಬಿನ ಕೆಳಗೆ ಕೂರಿಸಿ ಆಮೇಲೆ ಬಿಗಿಮಾಡಿ. ಹಿಂದಿನ ಪಟ್ಟಿ ಮೇಲೆ ಸರಿದಿದ್ದರೆ ಮುಂದಿನ ಭಾರವೆಲ್ಲ ಕೆನ್ನೆಯ ಮೇಲೆ ಬೀಳುತ್ತದೆ; ಪಕ್ಕಕ್ಕೆ ಬಾಗಿ ಏಟು ತಪ್ಪಿಸಿಕೊಳ್ಳುವಾಗ ಹೆಡ್‌ಸೆಟ್ ಜಾರಿ ಚಿತ್ರ ಮಸುಕಾಗುತ್ತದೆ. ಎರಡು ಮಸೂರಗಳ ನಡುವಿನ ಅಂತರವನ್ನು ನಿಮ್ಮ ಕಣ್ಣುಗಳ ಅಂತರಕ್ಕೆ ಹೊಂದಿಸಿಕೊಳ್ಳಿ. ಕ್ವೆಸ್ಟ್ 2ರಲ್ಲಿ ಇದಕ್ಕೆ 58, 63, 68 ಮಿಲಿಮೀಟರ್ ಎಂದು ಮೂರು ಸ್ಥಾನಗಳಿವೆ. ಮೂರರಲ್ಲೂ ಅಕ್ಷರ ಓದಿ, ಸ್ಪಷ್ಟವಾಗಿ ಕಂಡದ್ದನ್ನು ಇಟ್ಟುಕೊಳ್ಳಿ. ಕನ್ನಡಕದವರು ಪೆಟ್ಟಿಗೆಯಲ್ಲಿ ಕೊಟ್ಟ ಸ್ಪೇಸರ್ (ಕನ್ನಡಕಕ್ಕೂ ಮಸೂರಕ್ಕೂ ಅಂತರ ಕೊಡುವ ಚೌಕಟ್ಟು) ಹಾಕದೆ ತೊಟ್ಟರೆ ಎರಡು ಗಾಜುಗಳು ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತವೆ. ಆ ಗೀರಿಗೆ ಔಷಧಿ ಇಲ್ಲ.

ಕಂಟ್ರೋಲರ್‌ನ ಮಣಿಕಟ್ಟಿನ ದಾರ ಕಡ್ಡಾಯ. ಬೆವರಿದ ಅಂಗೈಯಿಂದ ಅದು ಹಾರಿದರೆ ಎಲ್ಲಿಗೆ ಹೋಗಿ ಬೀಳುತ್ತದೆಂದು ಹೇಳಲಾಗದು. ದಾರ ಇದ್ದಮೇಲೆ ಮುಷ್ಟಿ ಬಿಗಿಹಿಡಿಯುವ ಅಗತ್ಯವೂ ಇಲ್ಲ. ಗುದ್ದು ಮುಗಿಯುವ ಕ್ಷಣಕ್ಕೆ ಹಿಡಿತ ಬಿಗಿ, ಉಳಿದ ಹೊತ್ತು ಸಡಿಲ. ಇಡೀ ಸುತ್ತು ಬಿಗಿಹಿಡಿದರೆ ಮುಂಗೈ ಮೊದಲು ಸೋಲುತ್ತದೆ.

ವಯಸ್ಸಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೆಟಾದವರು ಹತ್ತು ವರ್ಷದೊಳಗಿನವರಿಗೆ ಹೆಡ್‌ಸೆಟ್ ಬೇಡ ಎನ್ನುತ್ತಾರೆ. ಹತ್ತರಿಂದ ಹನ್ನೆರಡರವರಿಗೆ ತಂದೆತಾಯಿ ನಿಭಾಯಿಸುವ ಖಾತೆ ಬೇಕು. ಪ್ಲೇಸ್ಟೇಷನ್ ತಯಾರಿಸುವ ಸೋನಿಯವರ ಗೆರೆ ಹನ್ನೆರಡು. ಹೃದಯದ ತೊಂದರೆ, ಮೂರ್ಛೆ, ಕುತ್ತಿಗೆ ನೋವು ಇರುವವರು ಡಾಕ್ಟರನ್ನು ಕೇಳದೆ ಈ ಆಟಕ್ಕೆ ಕೈಹಾಕಬಾರದು. ಇದು ಕೂತು ಆಡುವ ಆಟವಲ್ಲ, ಒಂದೆರಡು ಸುತ್ತಿನಲ್ಲೇ ಎದೆ ಬಡಿತ ಏರುತ್ತದೆ. ಊಟವಾದ ಕೂಡಲೇ ಬೇಡ, ಎರಡು ಗಂಟೆ ಬಿಡಿ.

ನಿಲುವು, ಆಮೇಲೆ ಗುದ್ದು

ಹೆಡ್‌ಸೆಟ್ ಹಾಕುವ ಮುಂಚೆಯೇ, ಬರಿಗೈಯಲ್ಲಿ, ಕನ್ನಡಿಯ ಎದುರು ಇದನ್ನು ಮಾಡಿ ನೋಡಿ. ಬಲಗೈಯವರಾದರೆ ಎಡಗಾಲು ಮುಂದೆ, ಬಲಗಾಲು ಹಿಂದೆ, ನಡುವೆ ಭುಜದಷ್ಟು ಅಗಲ. ಎಡಗೈಯವರು ಇದನ್ನು ತಿರುವುಮುರುವು ಮಾಡಿಕೊಳ್ಳಲಿ. ಸಿನಿಮಾದ ರಾಕಿಯೂ ಎಡಗೈಯವನೇ. ಮಂಡಿ ಸ್ವಲ್ಪ ಬಾಗಿರಲಿ, ಗದ್ದ ಕೆಳಗಿರಲಿ, ಮುಷ್ಟಿಗಳು ಕೆನ್ನೆಮೂಳೆಯ ಎತ್ತರಕ್ಕೆ, ಮೊಣಕೈಗಳು ಪಕ್ಕೆಲುಬಿಗೆ ಹತ್ತಿರ. ಇದನ್ನೇ ಗಾರ್ಡ್ ಎನ್ನುವುದು. ಈ ಆಟದಲ್ಲಿ ಗಾರ್ಡ್‌ಗೆ ಪ್ರತ್ಯೇಕ ಗುಂಡಿ ಇಲ್ಲ. ಬರುವ ಗುದ್ದಿನ ದಾರಿಯಲ್ಲಿ ನಿಮ್ಮ ಕೈ ಇದ್ದರೆ ತಡೆಯಿತು, ಇಲ್ಲದಿದ್ದರೆ ಮುಖಕ್ಕೆ ಬಿತ್ತು, ಅಷ್ಟೇ.

ಗುದ್ದುಗಳು ನಾಲ್ಕು. ಮುಂದಿನ ಕೈ ನೇರ ಹೋಗಿ ಹೋದ ದಾರಿಯಲ್ಲೇ ಕೆನ್ನೆಗೆ ವಾಪಸಾಗುವುದು ಜ್ಯಾಬ್. ಹಿಂದಿನ ಕೈಯ ನೇರ ಗುದ್ದು ಕ್ರಾಸ್: ಹಿಂಗಾಲಿನ ಹಿಮ್ಮಡಿ ಎದ್ದು ಸೊಂಟ ತಿರುಗಬೇಕು, ಬರೀ ತೋಳು ಚಾಚಿದರೆ ಅದು ಕ್ರಾಸ್ ಅಲ್ಲ. ಮೊಣಕೈ ಬಾಗಿಸಿಕೊಂಡೇ ಪಕ್ಕದಿಂದ ಬೀಸುವುದು ಹುಕ್. ಕೆಳಗಿನಿಂದ ಗದ್ದಕ್ಕೆ ಏರುವುದು ಅಪ್ಪರ್‌ಕಟ್. ಮೊದಲ ಕೆಲವು ದಿನ ಜ್ಯಾಬ್, ಕ್ರಾಸ್ ಎರಡೇ ಸಾಕು. ಹುಕ್ ಬೀಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಬೀಸುವಾಗ ಮುಖದ ಆ ಪಕ್ಕ ಪೂರ್ತಿ ಬಯಲಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಿಜವಾದ ಚೀಲಕ್ಕೆ ಗುದ್ದಿದರೆ ಚೀಲ ಕೈಯನ್ನು ನಿಲ್ಲಿಸುತ್ತದೆ. ವಿ.ಆರ್.ನಲ್ಲಿ ಎದುರಾಳಿ ಬರೀ ಗಾಳಿ. ಕೈಯನ್ನು ನಿಲ್ಲಿಸುವುದು ನಿಮ್ಮ ಮೊಣಕೈಯ ಕೀಲೇ. ಜೋರಾಗಿ ಗುದ್ದಿ ತೋಳನ್ನು ಪೂರ್ತಿ ನೆಟ್ಟಗೆ ಮಾಡಿದರೆ ಪ್ರತಿ ಸಲವೂ ಕೀಲು ಹಿಂದಕ್ಕೆ ಜಗ್ಗುತ್ತದೆ. ಮಾರನೆಯ ದಿನ ನೀರಿನ ಕೊಡ ಎತ್ತುವಾಗ ಗೊತ್ತಾಗುತ್ತದೆ. ತೋಳು ಪೂರ್ತಿ ಚಾಚುವ ಸ್ವಲ್ಪ ಮುಂಚೆಯೇ ಗುದ್ದನ್ನು ಮುಗಿಸಿ, ಕೈಯನ್ನು ಹೊರಗೆ ಎಸೆಯುವುದಕ್ಕಿಂತ ಒಳಗೆ ಎಳೆದುಕೊಳ್ಳುವುದಕ್ಕೆ ಗಮನ ಕೊಡಿ. ಶುರುಮಾಡುವ ಮುಂಚೆ ಐದು ನಿಮಿಷ ಭುಜ ತಿರುಗಿಸುವುದು, ಮಣಿಕಟ್ಟು ತಿರುಗಿಸುವುದು, ನಿಂತಲ್ಲೇ ಸಣ್ಣ ಜಿಗಿತ.

ತಪ್ಪಿಸಿಕೊಳ್ಳುವುದಕ್ಕೂ ಇದೇ ಮಾತು. ತಲೆಯ ಮೇಲೆ ಬೀಸಿದ ಗುದ್ದಿನಿಂದ ತಪ್ಪಿಸಿಕೊಳ್ಳಲು ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ನೇರ ಗುದ್ದು ಬಂದರೆ ತಲೆ ಪಕ್ಕಕ್ಕೆ ಒಂದು ಮುಷ್ಟಿಯಷ್ಟು ಸರಿದರೆ ಸಾಕು. ಮುಂದೆ ಹಿಂದೆ ಸರಿಯಲು ಕಂಟ್ರೋಲರ್‌ಗಳ ಗುಂಡಿ ಒತ್ತಿ ಹಿಡಿದು ಓಡುವವರಂತೆ ತೋಳು ಆಡಿಸಬೇಕು. ಮೊದಮೊದಲು ಇದು ವಿಚಿತ್ರ ಅನ್ನಿಸುತ್ತದೆ. ಅಭ್ಯಾಸವಾಗುವವರೆಗೆ ಓಡಾಟ ಬಿಟ್ಟು, ಎದುರಾಳಿಯೇ ಹತ್ತಿರ ಬರಲಿ ಎಂದು ಕಾಯುವುದು ಜಾಣತನ. ಬಂದೇ ಬರುತ್ತಾನೆ.

ಕೈ ಮಾತು ಕೇಳದಾಗ

ಹೊಸಬರೆಲ್ಲ ಸೋಲುವುದು ಇಲ್ಲಿ. ಗಂಟೆ ಬಾರಿಸಿದ ಕೂಡಲೇ ಎರಡೂ ಕೈ ಗಿರಗಿರ ತಿರುಗಿಸಿ ಹದಿನೈದಿಪ್ಪತ್ತು ಗುದ್ದು ಸುರಿಸುತ್ತಾರೆ. ಬೇರೆ ಕೆಲವು ವಿ.ಆರ್. ಆಟಗಳಲ್ಲಿ ಅದರಿಂದಲೇ ಗೆದ್ದುಬಿಡಬಹುದು. ಇಲ್ಲಿ ಸರ್ವಿಯೋಸ್‌ನವರು ಅದಕ್ಕೊಂದು ಬೇಲಿ ಹಾಕಿದ್ದಾರೆ. ಅವರು ಅದನ್ನು ಕರೆಯುವುದು ‘ಫ್ಯಾಂಟಮ್ ಮೆಲೆ’ ಎಂದು. ನಿಮ್ಮ ಬಾಕ್ಸರ್‌ಗೆ ಕಸುವಿನ ಒಂದು ಲೆಕ್ಕವಿದೆ. ಗುದ್ದಿದಂತೆ, ಗುದ್ದಿಸಿಕೊಂಡಂತೆ ಅದು ಕರಗುತ್ತದೆ. ಕರಗಿ ಮುಗಿದಾಗ ನಿಮ್ಮ ಕೈಗೂ ಅವನ ಕೈಗೂ ಇದ್ದ ನಂಟು ಕಡಿಯುತ್ತದೆ.

ಅದು ಹೇಗಿರುತ್ತದೆಂದರೆ: ನಿಮ್ಮ ನಿಜವಾದ ಮುಷ್ಟಿ ಮೂಗಿನ ಮುಂದೆ ಇದೆ, ನಿಮಗೆ ಅದು ಖಂಡಿತ ಗೊತ್ತು, ಮೈಗೆ ಗೊತ್ತು. ಆದರೆ ಕಣ್ಣಿಗೆ ಕಾಣುವ ಗ್ಲೌಸು ಇನ್ನೂ ಹೊಟ್ಟೆಯ ಹತ್ತಿರವೇ ಇದೆ. ಗಟ್ಟಿಯಾಗುತ್ತಿರುವ ರಾಗಿಹಿಟ್ಟಿನಲ್ಲಿ ಮುದ್ದೆಕೋಲು ಆಡಿಸಿದ ಹಾಗೆ ಅದು ನಿಧಾನವಾಗಿ, ಒಲ್ಲದ ಮನಸ್ಸಿನಿಂದ, ಮೇಲೆ ಬರುತ್ತದೆ. ಅಷ್ಟರಲ್ಲಿ ಎದುರಾಳಿಯ ಬಲಗೈ ಬಂದಾಗಿರುತ್ತದೆ. ಕೈ ಎತ್ತಿದ್ದೇನಲ್ಲ, ಆದರೂ ಏಟು ಬಿತ್ತೇ ಎಂಬ ಗಲಿಬಿಲಿಗೆ ಇನ್ನೂ ಜೋರಾಗಿ ಕೈ ಬೀಸುತ್ತೀರಿ. ಗ್ಲೌಸು ಇನ್ನೂ ಹಿಂದೆ ಬೀಳುತ್ತದೆ.

ಹೀಗಾದಾಗ ಮಾಡಬೇಕಾದ್ದು ಒಂದೇ, ಗುದ್ದುವುದನ್ನು ನಿಲ್ಲಿಸುವುದು. ಎರಡೂ ಮುಷ್ಟಿ ಕೆನ್ನೆಗೆ ತಂದು ಅಲ್ಲಾಡಿಸದೆ ಹಿಡಿಯಿರಿ. ಗ್ಲೌಸು ಬಂದು ನಿಮ್ಮ ಕೈಯೊಂದಿಗೆ ಕೂಡಿಕೊಳ್ಳುವವರೆಗೆ ಕಾಯಿರಿ. ಒಂದು ಹೆಜ್ಜೆ ಹಿಂದೆ ಸರಿಯಲು ಆದರೆ ಸರಿಯಿರಿ. ಮೂಗಿನಿಂದ ಉಸಿರು ಎಳೆದುಕೊಳ್ಳಿ. ಕಸುವು ಮರಳಿದ ಮೇಲೂ ಒಂದು ಜ್ಯಾಬ್ ಹಾಕಿ ಗ್ಲೌಸು ಕೈಯ ವೇಗಕ್ಕೆ ಹೋಗುತ್ತಿದೆಯೇ ಎಂದು ನೋಡಿ, ಆಮೇಲೆ ಮುಂದಿನದು.

ಈ ಸ್ಥಿತಿ ಬಾರದಂತೆ ಆಡಬೇಕಾದರೆ ಎರಡೋ ಮೂರೋ ಗುದ್ದಿನ ಗುಂಪಾಗಿ ಹೊಡೆಯಿರಿ. ಜ್ಯಾಬ್, ಕ್ರಾಸ್, ಗಾರ್ಡ್. ಜ್ಯಾಬ್, ಜ್ಯಾಬ್, ಕ್ರಾಸ್, ಗಾರ್ಡ್. ಪ್ರತಿ ಗುದ್ದಿಗೂ ಬಾಯಿಂದ ‘ಹುಸ್’ ಎಂದು ಉಸಿರು ಬಿಡಿ. ಬಾಕ್ಸರ್‌ಗಳು ಮಾಡುವುದು ಶೋಕಿಗಲ್ಲ. ಉಸಿರು ಬಿಗಿಹಿಡಿದು ಗುದ್ದುವವನಿಗೆ ಎರಡನೆಯ ಸುತ್ತಿಗೆ ಉಸಿರೇ ಇರುವುದಿಲ್ಲ. ಗುಂಪು ಮುಗಿದು ಗಾರ್ಡ್‌ಗೆ ಬಂದಾಗ ಎದುರಾಳಿಯ ಭುಜ ನೋಡಿ, ಗ್ಲೌಸ್ ಅಲ್ಲ. ಭುಜ ಹಿಂದೆ ಸರಿದ ಕಡೆಯಿಂದಲೇ ಮುಂದಿನ ಗುದ್ದು ಬರುತ್ತದೆ. ಅವನು ಬೀಸಿ ತಪ್ಪಿದ ಆ ಅರೆಕ್ಷಣದಲ್ಲಿ ಹಾಕುವ ಒಂದು ಕ್ರಾಸ್, ಸುಮ್ಮನೆ ಸುರಿಸುವ ಹತ್ತು ಗುದ್ದಿಗಿಂತ ಮೇಲು.

ಬಲವಾದ ಏಟಿಗೆ ಎದುರಾಳಿ ತತ್ತರಿಸಿದರೆ ಕೈ ಎಲ್ಲಿಡಬೇಕೆಂದು ಗುರುತು ಕಾಣುತ್ತದೆ. ಅಲ್ಲಿ ಕೈಯಿಟ್ಟರೆ ಕಾಲವೇ ನಿಧಾನವಾಗಿ, ನಿಮಗೆ ಕೆಲವು ಗುದ್ದು ಬಿಟ್ಟಿ ಸಿಗುತ್ತದೆ. ಇಲ್ಲೂ ಆತುರ ಬೇಡ, ಗುರುತಿಗೆ ಸರಿಯಾಗಿ ಕೈ ಕೂರಿಸುವುದು ಮುಖ್ಯ.

ಬಿದ್ದರೆ

ಬೀಳುತ್ತೀರಿ. ಬಿದ್ದಾಗ ಆಟ ನಿಮ್ಮನ್ನು ದೇಹದಿಂದಲೇ ಹೊರಗೆ ಎಸೆಯುತ್ತದೆ. ರಿಂಗ್ ದೂರದಲ್ಲೆಲ್ಲೋ ಕಾಣುತ್ತದೆ, ಎಣಿಕೆ ನಡೆಯುತ್ತಿರುತ್ತದೆ. ಎರಡೂ ತೋಳನ್ನು ಓಡುವವರ ಹಾಗೆ ಬೀಸುತ್ತಾ ಎಣಿಕೆ ಹತ್ತಾಗುವ ಮುಂಚೆ ದೇಹಕ್ಕೆ ಮರಳಬೇಕು. ಮೊದಲ ಸಲ ಕೆಲವರಿಗೆ ಹೊಟ್ಟೆ ತೊಳಸಿದಂತಾಗುವುದು ಇಲ್ಲೇ. ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಪಾದ ಕದಲಿಸದೆ ತೋಳು ಮಾತ್ರ ಆಡಿಸಿ. ನಿಜವಾಗಿ ಓಡಲು ಹೋಗಿ ಗೋಡೆಗೆ ಹಾಯುವವರೂ ಇದ್ದಾರೆ.

ತಲೆ ತಿರುಗಿ ಬಾಯಲ್ಲಿ ನೀರೂರಿದರೆ ಅಲ್ಲಿಗೇ ಹೆಡ್‌ಸೆಟ್ ತೆಗೆಯಿರಿ. ಸುತ್ತು ಮುಗಿಸಿಯೇ ತೆಗೆಯುತ್ತೇನೆ ಎಂದು ಹಠ ಹಿಡಿದರೆ ಸಂಜೆಯವರೆಗೂ ಆ ತೊಳಸು ಬಿಡುವುದಿಲ್ಲ. ಮೊದಲ ವಾರ ಹತ್ತು, ಹದಿನೈದು ನಿಮಿಷಕ್ಕಿಂತ ಹೆಚ್ಚು ಆಡಬೇಡಿ.

ಕರಿಯರ್ ಮೋಡ್

ಶುರುವಿಗೆ ತರಬೇತಿ ಮತ್ತು ಫ್ರೀಪ್ಲೇ (ಬಿಡಿ ಪಂದ್ಯ) ನೋಡಿಕೊಂಡು, ಆಮೇಲೆ ಕರಿಯರ್‌ಗೆ, ಅಂದರೆ ಅಡೋನಿಸ್ ಆಗಿ ಒಂದರ ಹಿಂದೊಂದು ಪಂದ್ಯ ಆಡುವ ಮೋಡ್‌ಗೆ, ಹೋಗಿ. ಪಂದ್ಯಗಳ ನಡುವೆ ತರಬೇತಿಯ ಕಿರು ಆಟಗಳು ಬರುತ್ತವೆ. ಟ್ರೆಡ್‌ಮಿಲ್ ಮೇಲೆ ತೋಳು ಬೀಸುವುದು, ಭಾರದ ಚೀಲಕ್ಕೆ ಗುದ್ದುವುದು. ಇವುಗಳಲ್ಲಿ ಅಂಕಕ್ಕಾಗಿ ಒದ್ದಾಡಿ ತೋಳು ಸೋಲಿಸಿಕೊಂಡು, ಅದೇ ಬಿಸಿಯಲ್ಲಿ ಪಂದ್ಯಕ್ಕೆ ಹೋಗಬೇಡಿ. ಆಟದೊಳಗಿನ ಅಡೋನಿಸ್ ದಣಿಯದಿದ್ದರೂ ನಿಮ್ಮ ಭುಜ ದಣಿದಿರುತ್ತದೆ. ನಡುವೆ ನೀರು ಕುಡಿದು ಎರಡು ನಿಮಿಷ ಕೂತೇಳಿ.

ಎದುರಾಳಿಗಳಲ್ಲಿ ಸಿನಿಮಾ ನೋಡಿದವರಿಗೆ ಪರಿಚಯದ ಮುಖಗಳು ಸಿಗುತ್ತವೆ. 2015ರ ಸಿನಿಮಾದ ‘ಪ್ರೆಟಿ’ ರಿಕಿ ಕಾನ್ಲನ್ ಇದ್ದಾನೆ. ಆ ಪಾತ್ರ ಮಾಡಿದ ಟೋನಿ ಬೆಲ್ಯೂ ಲಿವರ್‌ಪೂಲ್‌ನ ನಿಜವಾದ ಬಾಕ್ಸರ್. ಸಿನಿಮಾದಲ್ಲಿ ಅವನ ಪಂದ್ಯ ನಡೆಯುವುದು ಗೂಡಿಸನ್ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಅದೇ ಮೈದಾನದಲ್ಲಿ ಬೆಲ್ಯೂ ಕ್ರೂಸರ್‌ವೇಟ್ ತೂಕದ ವಿಭಾಗದಲ್ಲಿ ಡಬ್ಲ್ಯೂ.ಬಿ.ಸಿ. (ವಿಶ್ವ ಬಾಕ್ಸಿಂಗ್ ಮಂಡಳಿ) ಕೊಡುವ ವಿಶ್ವ ಪಟ್ಟ ಗೆದ್ದರು. ಅದೇ ಸಿನಿಮಾದಲ್ಲಿ ಡ್ಯಾನಿ ‘ಸ್ಟಂಟ್‌ಮನ್’ ವೀಲರ್‌ನ ಪಾತ್ರದಲ್ಲಿದ್ದ ಆಂಡ್ರೆ ವಾರ್ಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ. ಇಂಥವರ ನೆರಳು ಇರುವ ಎದುರಾಳಿಗಳು ಕೈ ಬೀಸುವವರನ್ನು ಸುಮ್ಮನೆ ಬಿಡುವುದಿಲ್ಲ. ಸೋತರೆ ಅದೇ ಎದುರಾಳಿಯೊಂದಿಗೆ ಮರುಪಂದ್ಯ ಆಡುವಾಗ ಮೊದಲ ಸುತ್ತಿನಲ್ಲಿ ಗುದ್ದಲೇ ಬೇಡಿ ಎಂಬುದು ನನ್ನ ಸಲಹೆ. ಬರೀ ತಡೆಯುತ್ತಾ, ಅವನು ಯಾವ ಗುದ್ದಿನ ಹಿಂದೆ ಯಾವುದನ್ನು ತರುತ್ತಾನೆಂದು ನೋಡಿ. ಸುತ್ತು ಕಳೆದುಕೊಂಡರೂ ನಷ್ಟವಿಲ್ಲ.

ಇಂಟರ್‌ನೆಟ್‌ನಲ್ಲಿ ಇನ್ನೊಬ್ಬ ಮನುಷ್ಯನೊಂದಿಗೆ ಆಡುವ ಮೋಡ್ ಕೂಡ ಇದೆ. ಕರಿಯರ್‌ನಲ್ಲಿ ಗ್ಲೌಸು ಹಿಂದೆ ಬೀಳದಂತೆ ಒಂದು ಪೂರ್ತಿ ಪಂದ್ಯ ಆಡಲು ಬರುವವರೆಗೆ ಅದರ ಗೊಡವೆ ಬೇಡ. ಆಡುವಾಗ ರೌಟರ್ ಇರುವ ಕೋಣೆಯಲ್ಲೇ ಇರಿ. ಸಂಪರ್ಕ ತಡವರಿಸಿದರೆ ನೀವು ನೋಡಿದ ಗುದ್ದು ಆಗಲೇ ಬಿದ್ದು ಮುಗಿದಿರುತ್ತದೆ.

ಆಟ ಮುಗಿದ ಮೇಲೆ

ಮುಖಕ್ಕೆ ತಾಗುವ ಸ್ಪಂಜು ಬೆವರು ಕುಡಿದಿರುತ್ತದೆ. ಸಿಲಿಕೋನ್ ಕವರ್ ಹಾಕಿದ್ದರೆ ಬಿಚ್ಚಿ ತೊಳೆಯಬಹುದು, ಇಲ್ಲದಿದ್ದರೆ ಒಣ ಬಟ್ಟೆಯಲ್ಲಿ ಒತ್ತಿ ನೆರಳಲ್ಲಿ ಆರಲು ಬಿಡಿ. ಆಡುವಾಗಲೇ ಹಣೆಗೆ ಹತ್ತಿಯ ಪಟ್ಟಿ ಕಟ್ಟಿಕೊಂಡರೆ ಈ ಕೆಲಸ ಅರ್ಧ ಕಡಿಮೆ. ಮಸೂರವನ್ನು ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿ. ಸ್ಯಾನಿಟೈಸರ್, ಸ್ಪಿರಿಟ್ ತಾಗಿಸಬೇಡಿ. ಬೆವರಿನ ವಾಸನೆ ಹೋಗಲೆಂದು ಬಿಸಿಲಿಗೆ ಇಡುವವರಿದ್ದಾರೆ. ಮಸೂರದ ಮೂಲಕ ಬಿದ್ದ ಬಿಸಿಲು ಒಳಗಿನ ಪರದೆಯನ್ನು ಕೆಲವೇ ನಿಮಿಷದಲ್ಲಿ ಸುಟ್ಟು ಚುಕ್ಕೆ ಮಾಡುತ್ತದೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಮರೆತು ಬಿಟ್ಟರೂ ಅದೇ ಗತಿ. ಕ್ವೆಸ್ಟ್ ಕಂಟ್ರೋಲರ್‌ಗೆ ಎಎ ಸೆಲ್ ಬೇಕು. ಕೆಲವು ವಾರ ಆಡುವುದಿಲ್ಲವೆಂದರೆ ಸೆಲ್ ತೆಗೆದಿಡಿ, ಸೋರಿದರೆ ತಂತಿ ತುಕ್ಕು ಹಿಡಿಯುತ್ತದೆ.